ಗುಂಡಿ ತೆಗೆದ ಐತವಾರ

“ಗುಂಡಿ ತುಂಬಿದ್ರ ಯಾರು ತೆಗೀತಾರ್ರಿ ಟೀಚರ್?”

ಒಂಬತ್ತನೇ ಕ್ಲಾಸಿನ ಹುಡುಗಿ ಎದ್ದು ನಿಂತು ಕೇಳಿದಳು. ಕಳೆದ ನವೆಂಬರ್ 19, ವಿಶ್ವ ಶೌಚಾಲಯ ದಿನ. ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತೇನೆ. ಪ್ರಾರ್ಥನೆ ಮುಗಿದ ಮೇಲೆ ಅರ್ಧ ಗಂಟೆ ಮಾತಾಡಿದ್ದೆ. ಏನಾದರೂ ಕೇಳೋದಿದ್ದರೆ ಕೇಳಿ ಅಂತ ನಾನೇ ಹೇಳಿದ್ದೆ.

“ಸಕಿಂಗ್ ಗಾಡಿ ಬಂದು ಎಳಕೊಂಡು ಹೋಗತೈತಮ್ಮ” ಅಂದೆ.

“ಊರಾಗ ಸಣ್ಣ ಸಣ್ಣ ಸಂದಿ ಅದಾವ್ರಿ. ಗಾಡಿ ಒಳಗ ಬರಂಗಿಲ್ರಿ. ನಮ್ಮ ಮಾಮಾನ್ನ ಕರೀತಾರ್ರಿ.”

ಅಷ್ಟು ಹೇಳಿ ಕೂತುಬಿಟ್ಟಳು. ಕೆಲವು ಮಕ್ಕಳು ತಿರುಗಿ ಅವಳನ್ನೇ ನೋಡಿದರು. ಕೆಲವರು ತಲೆ ತಗ್ಗಿಸಿದರು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಎಲ್ಲರನ್ನೂ ಕ್ಲಾಸಿಗೆ ಕಳಿಸಿಬಿಟ್ಟೆ.

ಭಾಷಣಕ್ಕೆ ಚೆನ್ನಾಗಿಯೇ ಓದಿಕೊಂಡು ಹೋಗಿದ್ದೆ. ಸಿಂಗಪುರದ ಜಾಕ್ ಸಿಮ್ ಅನ್ನುವವರು 2001ರಲ್ಲಿ ಈ ದಿನ ಶುರು ಮಾಡಿದ್ದು, 2013ರಲ್ಲಿ ವಿಶ್ವಸಂಸ್ಥೆ ಅದನ್ನು ಒಪ್ಪಿಕೊಂಡಿದ್ದು ಎಲ್ಲ ಹೇಳಿದ್ದೆ. ಪ್ರಪಂಚದಲ್ಲಿ ಇವತ್ತಿಗೂ ಸುಮಾರು 340 ಕೋಟಿ ಜನರಿಗೆ ಸುರಕ್ಷಿತ ಶೌಚ ವ್ಯವಸ್ಥೆ ಇಲ್ಲ, ಅವರಲ್ಲಿ 35 ಕೋಟಿ ಜನ ಇನ್ನೂ ಬಯಲಿಗೇ ಹೋಗುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2025ರಲ್ಲಿ ಕೊಟ್ಟ ಲೆಕ್ಕ ಇದು. ಇದನ್ನೂ ಹೇಳಿದ್ದೆ. ಆದರೆ ಆ ಎರಡು ಸಂಖ್ಯೆಗಳ ನಡುವೆ ಇಷ್ಟು ದೊಡ್ಡ ಅಂತರ ಯಾಕೆ ಅಂತ ಹೇಳಿರಲಿಲ್ಲ. ಬಯಲಿಗೆ ಹೋಗದ ಸುಮಾರು 300 ಕೋಟಿ ಜನರಿಗೆ ಕೂರಲು ಏನೋ ಒಂದು ಜಾಗ ಇದೆ. ಎಷ್ಟೋ ಜನರಿಗೆ ನಾಲ್ಕು ಗೋಡೆ, ಬಾಗಿಲು ಎಲ್ಲ ಇದೆ. ಕೆಳಗೆ ಬಿದ್ದದ್ದು ಆಮೇಲೆ ಎಲ್ಲಿಗೆ ಹೋಗುತ್ತೆ, ಯಾರ ಕೈಯಿಂದ ಹೋಗುತ್ತೆ ಅನ್ನೋದೇ ಅಲ್ಲಿ ಸರಿ ಇಲ್ಲ. ಆ ಹುಡುಗಿ ಕೇಳಿದ್ದು ಅದನ್ನೇ.

ನಮ್ಮ ರಾಜ್ಯದಲ್ಲಿ ಈ ಪ್ರಶ್ನೆ ಹೊಸದಲ್ಲ. ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು 70ರ ದಶಕದಲ್ಲೇ ತಲೆ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿದರು. ಅಷ್ಟಾಗಿಯೂ 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಅದೇ ಕೆಲಸ ಮಾಡುವ ಜನ ತಮ್ಮ ಸಂಕಟ ಯಾರೂ ಕೇಳುತ್ತಿಲ್ಲ ಅಂತ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟನೆ ಮಾಡಿದರು. ಆ ಫೋಟೋ ಪೇಪರಿನಲ್ಲಿ ನೋಡಿದ್ದು ನನಗೆ ಇನ್ನೂ ನೆನಪಿದೆ. 2013ರಲ್ಲಿ ದೇಶಕ್ಕೆಲ್ಲ ಕಾನೂನು ಬಂತು. ಸುರಕ್ಷಾ ಸಾಧನ ಇಲ್ಲದೆ ಮನುಷ್ಯರನ್ನು ಮಲದ ಗುಂಡಿಗೆ ಇಳಿಸುವುದು ಅಪರಾಧ. ಮುಚ್ಚಿದ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್, ಮೀಥೇನ್ ತುಂಬಿಕೊಂಡಿರುತ್ತವೆ. ಇಳಿದವನು ಕೂಗುವುದಕ್ಕೂ ಮೊದಲೇ ಬಿದ್ದುಬಿಡಬಹುದು. ಒಳಚರಂಡಿಯಲ್ಲಿ ಹೀಗೆ ಸತ್ತವರ ಮನೆಯವರಿಗೆ 30 ಲಕ್ಷ ರೂಪಾಯಿ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಇಷ್ಟೆಲ್ಲ ಗೊತ್ತಿರುವ ನಾನೇ ಆ ಮಗುವಿಗೆ ಸಕಿಂಗ್ ಗಾಡಿ ಅಂತ ಹೇಳಿ ಕೂರಿಸಿದ್ದೆ.

ಸಂಜೆ ಊರಿಗೆ ಫೋನ್ ಮಾಡಿದೆ. “ಅಪ್ಪಾ, ನಮ್ಮ ಹಳೇ ಗುಂಡಿ ಮುಚ್ಚಿ ಎಷ್ಟು ದಿನ ಆತು?”

“ಮೂರು ವರ್ಷ ಆಗಾಕ ಬಂತು. ಯಾಕ?”

“ಐತವಾರ ಬರ್ತೀನಿ. ತೆಗೆಯೋಣು.”

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ “ಬಾ” ಅಂದರು.

ನನ್ನ ತವರು ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿ. ಸುತ್ತ ಎರೆ ಹೊಲ. ಊರ ಹೊರಗೆ ಬಳ್ಳಾರಿ ಜಾಲಿ ಬೆಳೆದ ಒಂದು ಬಯಲಿತ್ತು. ಅದೇ ನಮ್ಮ ಹೆಂಗಸರ ಜಾಗ. ನಸುಕಿನಲ್ಲಿ ಎದ್ದು ಚರಗಿ ಹಿಡಿದು ನಾಲ್ಕೈದು ಜನ ಕೂಡಿ ಹೋಗಬೇಕು. ತಪ್ಪಿದರೆ ಮತ್ತೆ ಕತ್ತಲಾಗುವವರೆಗೆ ತಡೆಯಬೇಕು. ರಸ್ತೆಯಲ್ಲಿ ಟ್ರ್ಯಾಕ್ಟರ್ ಬಂದು ಲೈಟ್ ಬಿದ್ದರೆ ಎಲ್ಲರೂ ದಡಬಡ ಎದ್ದು ನಿಲ್ಲುತ್ತಿದ್ದೆವು. ಲೈಟ್ ದಾಟಿದ ಮೇಲೆ ಮತ್ತೆ ಕೂರುವುದು. ಒಮ್ಮೊಮ್ಮೆ ಮೂರು ನಾಲ್ಕು ಸಲ. ಅವ್ವ ಮಧ್ಯಾಹ್ನದ ಮೇಲೆ ನೀರೇ ಕುಡಿಯುತ್ತಿರಲಿಲ್ಲ. ಬೇಸಿಗೆ ಬಂತು ಅಂದರೆ ಅವಳಿಗೆ ಉರಿಮೂತ್ರ. ಜೀರಿಗೆ ನೀರು ಕುಡಿದು ಗೋಡೆಗೆ ಒರಗಿ ಕೂತಿರುತ್ತಿದ್ದಳು. ಮೈಯ ಉಷ್ಣ ಅಂತ ನಾವೆಲ್ಲ ನಂಬಿದ್ದೆವು. ಬಿ.ಎಸ್ಸಿ. ಓದುವಾಗ ನನಗೆ ಅದರ ಕಾರಣ ಹೊಳೆಯಿತು. ನೀರು ಕುಡಿಯದೆ, ದಿನವಿಡೀ ತಡೆದು ತಡೆದು ಬಂದ ಸೋಂಕು ಅದು. ಆ ದಿನ ಹಾಸ್ಟೆಲಿನಲ್ಲಿ ಕೂತು ಅತ್ತಿದ್ದೆ.

2016ರ ಆಗಸ್ಟಿನಲ್ಲಿ ಪ್ರಧಾನಿ ಮನ್ ಕಿ ಬಾತ್‌ನಲ್ಲಿ ನಮ್ಮದೇ ಜಿಲ್ಲೆಯ ಹದಿನಾರು ವರ್ಷದ ಹುಡುಗಿಯೊಬ್ಬಳ ಮಾತು ಎತ್ತಿದ್ದರು. ಮನೆಯಲ್ಲಿ ಪಾಯಖಾನೆ ಕಟ್ಟಿಸಬೇಕು ಅಂತ ಅವಳು ಊಟ ಬಿಟ್ಟು ಕೂತಿದ್ದಳು. ಕೊನೆಗೆ ಗ್ರಾಮ ಪಂಚಾಯಿತಿ ಅಧ್ಯಕ್ಷರೇ ದುಡ್ಡು ಹೊಂದಿಸಿ ಒಂದು ವಾರದಲ್ಲಿ ಕಟ್ಟಿಸಿಕೊಟ್ಟರು. ಅದನ್ನು ಕೇಳಿದ ಮೇಲೆ ಅವ್ವ ಅಪ್ಪನ ಬೆನ್ನು ಬಿದ್ದಳು. ಮುಂದಿನ ವರ್ಷ ನಮ್ಮ ಮನೆಯಲ್ಲೂ ಕಟ್ಟಿಸಿದೆವು. ಸ್ವಚ್ಛ ಭಾರತದ 12,000 ರೂಪಾಯಿ ಬಂತು, ಉಳಿದದ್ದು ನಾನು ಹಾಕಿದೆ.

ಗುಂಡಿಯ ವಿಷಯಕ್ಕೆ ಗೌಂಡಿ ಜೊತೆ ಜಗಳವೇ ಆಯಿತು. “ಹನ್ನೆರಡು ಅಡಿ ರಿಂಗ್ ಇಳಿಸಿಬಿಡ್ತೀನ್ರಿ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ತುಂಬಂಗಿಲ್ಲ” ಅನ್ನುತ್ತಿದ್ದ. ಊರಲ್ಲಿ ಎಲ್ಲರದ್ದೂ ಹಾಗೇ. ತುಂಬುವ ಹೆದರಿಕೆಗೆ ಆಳ ತೋಡುವುದು, ತೋಡಿದ ಮೇಲೂ ತುಂಬಿಬಿಟ್ಟೀತು ಅಂತ ಗಂಡಸರು ಬಯಲಿಗೇ ಹೋಗುವುದು. ನಾನು ಎರಡು ಗುಂಡಿ ಬೇಕು ಅಂತ ಹಟ ಹಿಡಿದೆ. ನಾಲ್ಕು ಅಡಿ ಆಳ ಸಾಕು. ಇಟ್ಟಂಗಿಗಳ ನಡುವೆ ಸಂದು ಬಿಟ್ಟು ಕಟ್ಟಬೇಕು, ತಳಕ್ಕೆ ಸಿಮೆಂಟ್ ಹಾಕಬಾರದು. ಎರೆ ಮಣ್ಣು ನೀರನ್ನು ಬೇಗ ಹೀರುವುದಿಲ್ಲ, ಅದಕ್ಕೇ ಸುತ್ತ ಒಂದು ಅಡಿ ಮರಳು, ಗರಸು ತುಂಬಬೇಕು. ನಮ್ಮ ಕಡೆ ಈ ಕೆಲಸ ಬಿಟ್ಟೇಬಿಡುತ್ತಾರೆ, ಮಳೆಗಾಲದಲ್ಲಿ ನೀರು ಇಂಗದೆ ಬೇಸಿನ್‌ನಲ್ಲೇ ನಿಲ್ಲುತ್ತೆ. ಹಳ್ಳಿಗಳಿಗೇ ಅಂತ ಮಾಡಿದ, ಇಳಿಜಾರು ಜಾಸ್ತಿ ಇರುವ ಬೇಸಿನ್ ಹಾಕಿಸಿದೆವು. ಅದಕ್ಕೆ ಎರಡು ಲೀಟರ್ ನೀರು ಸುರಿದರೆ ಸಾಕು. ನಳದ ನೀರಿಗೆ ಕಾಯುವ ಊರಲ್ಲಿ ಇದು ಸಣ್ಣ ಮಾತಲ್ಲ.

ಆರನೇ ವರ್ಷಕ್ಕೆ ಮೊದಲ ಗುಂಡಿ ತುಂಬಿತು. ಅಪ್ಪ ಪೈಪು ಎರಡು ಗುಂಡಿಗೂ ಕವಲೊಡೆಯುವ ಚೇಂಬರಿನ ಮುಚ್ಚಳ ತೆಗೆದು, ತುಂಬಿದ ಗುಂಡಿಯ ಕಡೆಯ ಬಾಯಿಗೆ ಒಂದು ಇಟ್ಟಂಗಿ ಇಟ್ಟು ಮಣ್ಣು ಮೆತ್ತಿದರು. ನೀರು ಎರಡನೇ ಗುಂಡಿಗೆ ತಿರುಗಿತು. ಹತ್ತು ನಿಮಿಷದ ಕೆಲಸ. ಆಮೇಲೆ ಹಳೇ ಗುಂಡಿಯ ಸುದ್ದಿಗೆ ಯಾರೂ ಹೋಗಿರಲಿಲ್ಲ.

ಐತವಾರ ಬೆಳಿಗ್ಗೆ ಹೋದಾಗ ಅಣ್ಣ ಮುಖ ಗಂಟು ಹಾಕಿಕೊಂಡಿದ್ದ. “ಯಾರನ್ನರ ಕರಿಸ್ತೀನಿ. ಐದನೂರು ಕೊಟ್ರ ಆತು. ನಾವ್ಯಾಕ ಕೈ ಹಾಕಬೇಕು?” ಅಂದ. 2017ರಲ್ಲಿ ಕೇಂದ್ರ ಸರ್ಕಾರದ ಕಾರ್ಯದರ್ಶಿ ಪರಮೇಶ್ವರನ್ ಅಯ್ಯರ್ ವರಂಗಲ್ ಹತ್ತಿರದ ಗಂಗದೇವಿಪಲ್ಲಿಯಲ್ಲಿ ಇಂಥದ್ದೇ ಗುಂಡಿಗೆ ತಾವೇ ಇಳಿದು ಗೊಬ್ಬರ ತೆಗೆದಿದ್ದನ್ನು ಹೇಳಿದೆ. ಅವನಿಗೆ ನಂಬಿಕೆ ಬರಲಿಲ್ಲ. ಅವ್ವ ಒಳಗಿಂದಲೇ “ನಮ್ದು ನಾವು ತೆಗೆಯಾಕ ನಾಚಿಕಿ ಏನು?” ಅಂದಳು. ಅಪ್ಪ ಹಾರೆ ತಗೊಂಡು ಹೊರಟೇಬಿಟ್ಟರು.

ಬಂಡೆ ಸರಿಸಿ ಎರಡು ತಾಸು ಹಾಗೇ ಗಾಳಿಗೆ ಬಿಟ್ಟೆವು. ವಿಜ್ಞಾನ ಎಷ್ಟೇ ಗೊತ್ತಿದ್ದರೂ ಬಗ್ಗಿ ನೋಡುವಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಬಾಯಿವರೆಗೂ ತುಂಬಿದ್ದದ್ದು ಅರ್ಧಕ್ಕೆ ಇಳಿದಿತ್ತು. ಮೇಲೆ ಒಣಗಿ ಬಿರುಕು ಬಿಟ್ಟಿತ್ತು, ಬೇಸಿಗೆಯ ಎರೆ ಹೊಲದ ಹಾಗೆ. ಒಂದು ಜೇಡ ಬಲೆ ಕಟ್ಟಿಕೊಂಡಿತ್ತು. ಅಪ್ಪನಿಗೆ ಗ್ಲೌಸ್ ಹಾಕಿಸಿದೆ. ಅವರು ಸಲಿಕೆಯಿಂದ ಒಂದು ಹೆಂಟೆ ಎತ್ತಿ ಹೊರಗೆ ಹಾಕಿದರು. ಹೆಂಟೆ ಬಿದ್ದಲ್ಲೇ ಉದುರಿ ಪುಡಿಯಾಯಿತು. ಕಪ್ಪು ಪುಡಿ, ಸ್ವಲ್ಪ ತಂಪು. ವಾಸನೆ ಅಂತ ಏನೂ ಇಲ್ಲ. ಅಪ್ಪ ಬಗ್ಗಿ ಮೂಸಿ ನೋಡಿದರು.

“ತಿಪ್ಪಿ ತಳದ ಗೊಬ್ಬರ ಇದ್ದಂಗ ಐತಲ್ಲೇ!”

ಅದರ ನಡುವೆ ಎರಡು ಶಾಂಪೂ ಪಾಕೀಟು ಇದ್ದವು. ಬಣ್ಣ ಕೂಡ ಮಾಸಿರಲಿಲ್ಲ. ಐದು ಜನರ ಆರು ವರ್ಷದ ಹೊಲಸೆಲ್ಲ ಮಣ್ಣಾಗಿತ್ತು, ಅವೆರಡು ಮಾತ್ರ ಅಂಗಡಿಯಿಂದ ತಂದ ಹಾಗೇ ಇದ್ದವು. ಅಣ್ಣ ಅದನ್ನು ಕೋಲಿನಿಂದ ಎತ್ತಿ ತುಂಬಾ ಹೊತ್ತು ನೋಡುತ್ತಾ ನಿಂತ. ಆಮೇಲೆ ಏನೂ ಹೇಳದೆ ಪುಟ್ಟಿ ಎತ್ತಿಕೊಂಡ.

ತುಂಬಿದ ಗುಂಡಿಯನ್ನು ಯಾಕೆ ಕಮ್ಮಿ ಅಂದರೂ ಎರಡು ವರ್ಷ ಮುಚ್ಚಿ ಬಿಡಬೇಕು ಅಂತ ಅವನಿಗೆ ಹೇಳಿದೆ. ನೀರು ಇಟ್ಟಂಗಿ ಸಂದಿನಿಂದ ಮಣ್ಣಿಗೆ ಇಂಗುತ್ತೆ. ಕೊಳೆಯುವಾಗ ಹುಟ್ಟುವ ಅನಿಲವೂ ಮಣ್ಣಿಗೇ ಹೋಗುತ್ತೆ. ಹೊಸದಾಗಿ ಏನೂ ಬೀಳದಿದ್ದಾಗ ರೋಗದ ಕ್ರಿಮಿಗಳು ಒಂದೊಂದಾಗಿ ಸಾಯುತ್ತವೆ. ಜಂತುಹುಳುವಿನ ಮೊಟ್ಟೆ ಮಾತ್ರ ಗಟ್ಟಿ ಜೀವ, ಅದು ಸಾಯೋವರೆಗೂ ಕಾಯಬೇಕು. ಪಕ್ಕದ ಮನೆಯ ಕಾಕಾ ಅಷ್ಟೊತ್ತಿಗೆ ಗೋಡೆ ಮೇಲಿಂದ ಬಗ್ಗಿ ನೋಡುತ್ತಿದ್ದರು. ಅವರದ್ದು ಹನ್ನೆರಡು ಅಡಿ ರಿಂಗ್.

“ನಮ್ಮ ಗುಂಡ್ಯಾಗೂ ಹಿಂಗ ಆಗಿರತೈತೇನವ್ವ?”

“ಇಲ್ಲ ಕಾಕಾ. ನಿಮ್ದು ಒಂದೇ ಗುಂಡಿ. ದಿನಾ ಮ್ಯಾಲೆ ಹಸೀದು ಬೀಳತಾನ ಇರತೈತಿ. ಪಕ್ಕದಾಗ ಇನ್ನೊಂದು ತೋಡಸ್ರಿ. ಇದನ್ನ ಮಲಗಾಕ ಬಿಡ್ರಿ.”

ಕಾಕಾ ಗೋಡೆ ದಾಟಿ ಈ ಕಡೆ ಬಂದರು. ಮಧ್ಯಾಹ್ನದೊಳಗೆ ಹನ್ನೊಂದು ಪುಟ್ಟಿ ಗೊಬ್ಬರ ಹೊರಬಂತು. ಅವ್ವ ಕರಿಬೇವಿನ ಗಿಡಕ್ಕೆ ಹಾಕಿಸಲು ಹೋಗಿ ತಡೆದಳು. “ಬ್ಯಾಡ, ಅದನ್ನ ಸಾರಿಗೆ ಹಾಕ್ತೀವಿ. ನಿಂಬಿ ಗಿಡಕ್ಕ ಹಾಕ್ರಿ” ಅಂದಳು. ನಾನು ವಾದ ಮಾಡಲಿಲ್ಲ. ಎಲ್ಲರೂ ಸೋಪು ಹಚ್ಚಿ ಕೈ ತೊಳೆದು ಒಟ್ಟಿಗೆ ರೊಟ್ಟಿ ತಿಂದೆವು.

ಸೋಮವಾರ ಒಂದು ಗಾಜಿನ ಬಾಟಲಿಯಲ್ಲಿ ಎರಡು ಹಿಡಿ ಗೊಬ್ಬರ ತಗೊಂಡು ಶಾಲೆಗೆ ಹೋದೆ. ಕ್ಲಾಸಿನಲ್ಲಿ ತೋರಿಸುವುದಕ್ಕೆ ಮುಂಚೆ ಆ ಹುಡುಗಿಯನ್ನು ಸ್ಟಾಫ್ ರೂಮಿನ ಹೊರಗೆ ಕರೆದೆ. “ಅವತ್ತು ನಿನಗ ಸರಿ ಉತ್ತರ ಕೊಡಲಿಲ್ಲಮ್ಮ. ನಿಮ್ಮ ಮಾಮಾನ್ನ ಕರೆಯೋದು ತಪ್ಪು. ಕರೆದವರದ್ದು ತಪ್ಪು. ಇದು ನಮ್ಮ ಮನೀದು, ನಾವೇ ತೆಗೆದದ್ದು” ಅಂದೆ. ಅವಳು ಮುಚ್ಚಳ ತಿರುಗಿಸಿ ಮೂಸಿದಳು. ಬಾಟಲಿಯನ್ನು ಬೆಳಕಿಗೆ ಹಿಡಿದು ಅಲ್ಲಾಡಿಸಿದಳು.

“ಎರಡನೇ ಗುಂಡಿ ಎಷ್ಟು ದೂರ ಇರಬೇಕ್ರಿ ಟೀಚರ್?”

“ಕಮ್ಮಿ ಅಂದ್ರ ಒಂದು ಮೀಟರ್.”

ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡಳು. ಸುತ್ತ ಹಾಕುವ ಗರಸು ಎಷ್ಟು ದಪ್ಪ ಅಂತ ಕೇಳಿದಳು. ಒಂದು ಅಡಿ ಅಂದೆ. ಅದನ್ನೂ ಬರೆದುಕೊಂಡಳು.