ಗೋವಾದ ಜನವರಿ 16

ಗೋವಾ ಚರಿತ್ರೆ ಅಂದರೆ ಎಲ್ಲರಿಗೂ ನೆನಪಾಗುವುದು ಡಿಸೆಂಬರ್ 19. 1961ರಲ್ಲಿ ಪೋರ್ಚುಗೀಸರ ಆಳ್ವಿಕೆ ಮುಗಿದ ದಿನ. 1987ರಲ್ಲಿ ರಾಜ್ಯವಾದದ್ದು ಮೇ 30ರಂದು. ನನಗೆ ಮಾತ್ರ ಜನವರಿ 16ರ ಮೇಲೆ ಪ್ರೀತಿ ಜಾಸ್ತಿ.

1967ರ ಆ ದಿನ ಗೋವಾದ ಜನರನ್ನೇ ಕೇಳಿದರು: ಮಹಾರಾಷ್ಟ್ರಕ್ಕೆ ಸೇರುತ್ತೀರಾ, ಕೇಂದ್ರಾಡಳಿತ ಪ್ರದೇಶವಾಗಿಯೇ ಇರುತ್ತೀರಾ? ಸೇರುವುದಕ್ಕೆ ಹೂವಿನ ಗುರುತು, ಬೇಡ ಅನ್ನುವುದಕ್ಕೆ ಎರಡೆಲೆ. ಜನಪ್ರಿಯ ನಾಯಕ ದಯಾನಂದ ಬಾಂದೋಡ್ಕರ್ ಹೂವಿನ ಕಡೆ. ಆದರೂ ಎರಡೆಲೆ 34,021 ಮತಗಳಿಂದ ಗೆದ್ದಿತು.

ಮಜಾ ಮುಂದಿದೆ. ಕೆಲವೇ ತಿಂಗಳಲ್ಲಿ ವಿಧಾನಸಭೆ ಚುನಾವಣೆ ಬಂತು. ಅದೇ ಜನ ಬಾಂದೋಡ್ಕರ್ ಅವರ ಪಕ್ಷವನ್ನೇ ಗೆಲ್ಲಿಸಿದರು! ನೀವು ಬೇಕು, ನಿಮ್ಮ ವಿಲೀನ ಬೇಡ ಅಂದ ಹಾಗಾಯಿತು, ಅಲ್ವಾ? ಇಷ್ಟು ಬಿಡಿಸಿ ಯೋಚಿಸುವ ಮತದಾರರು ಈಗ ಎಲ್ಲಿದ್ದಾರೋ!