ಲೇಬಲ್ ಇಲ್ಲದ ಡಬ್ಬಿ

ನಮ್ಮ ಚಿಕ್ಕಪ್ಪನವರು ಸಕ್ಕರೆ ಕಾಯಿಲೆಗೆಂದು ಎಂಟು ತಿಂಗಳು ನುಂಗಿದ ಗುಳಿಗೆಗಳು ಬಿಳಿಯ ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ಬರುತ್ತಿದ್ದವು. ಅದರ ಮೇಲೆ ತಯಾರಕರ ಹೆಸರಾಗಲಿ, ಪರವಾನಗಿ ಸಂಖ್ಯೆಯಾಗಲಿ ಇರಲಿಲ್ಲ. ಕಾಳುಮೆಣಸಿನ ಗಾತ್ರದ ಆ ಗುಳಿಗೆಗಳನ್ನು ಮುಟ್ಟಿದರೆ ಬೆರಳಿಗೆ ಬೂದುಗಪ್ಪು ಅಂಟುತ್ತಿತ್ತು.

ಮೊದಲು ಮಲಬದ್ಧತೆ ಶುರುವಾಯಿತು, ಆಮೇಲೆ ಹೊಟ್ಟೆ ಹಿಂಡುವ ನೋವು. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣಲಿಲ್ಲ. ಕಬ್ಬಿಣದ ಮಾತ್ರೆ ಕೊಟ್ಟರೂ ರಕ್ತಹೀನತೆ ಹೋಗಲಿಲ್ಲ. ಕೊನೆಗೆ ಕಿರಿಯ ವೈದ್ಯೆಯೊಬ್ಬರು ಅವರ ತುಟಿ ಸರಿಸಿ, ಒಸಡಿನ ಅಂಚಿನಲ್ಲಿದ್ದ ನೀಲಿಗಪ್ಪು ಗೆರೆಯನ್ನು ನೋಡಿ, ಬೇರೆ ಯಾವ ಔಷಧಿ ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳಿದರು. "ಔಷಧಿ ಏನೂ ಇಲ್ಲಮ್ಮ, ಬರೀ ಬೇರು-ನಾರು" ಎಂದರು ಚಿಕ್ಕಪ್ಪ. ಅವರು ಸುಳ್ಳು ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ಅದು ಔಷಧಿಯೇ ಆಗಿರಲಿಲ್ಲ. ರಕ್ತಪರೀಕ್ಷೆಯಲ್ಲಿ ಪ್ರತಿ ಡೆಸಿಲೀಟರಿಗೆ 84 ಮೈಕ್ರೋಗ್ರಾಂ ಸೀಸ ಕಂಡುಬಂತು. ಮಕ್ಕಳ ರಕ್ತದಲ್ಲಿ 3.5 ಇದ್ದರೂ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ ಎಚ್ಚರಿಕೆ ವಹಿಸಲು ಹೇಳುತ್ತದೆ.

ಆಯುರ್ವೇದವನ್ನು ಹಳಿಯಲು ನಾನಿದನ್ನು ಬರೆಯುತ್ತಿಲ್ಲ. ನಮ್ಮ ಮನೆಯಲ್ಲಿ ಇಂದಿಗೂ ಕಷಾಯ ಕುದಿಯುತ್ತದೆ. ಆದರೆ ಗಿಡಮೂಲಿಕೆ ಎಂದು ಮಾರುವುದರಲ್ಲೆಲ್ಲ ಗಿಡಮೂಲಿಕೆ ಮಾತ್ರವೇ ಇರುತ್ತದೆಂಬ ನಂಬಿಕೆ ಸರಿಯಲ್ಲ. ಲೋಹ, ಖನಿಜಗಳಿಂದ ಔಷಧಿ ತಯಾರಿಸುವ ಆಯುರ್ವೇದದ ಶಾಖೆಯಾದ ರಸಶಾಸ್ತ್ರವು ಪಾದರಸ, ಸೀಸದಿಂದ ಮಾಡುವ ನಾಗ ಭಸ್ಮ, ಆರ್ಸೆನಿಕ್ ಇರುವ ಹರಿತಾಳ ಮುಂತಾದವನ್ನು ಶೋಧನ (ಶುದ್ಧೀಕರಣ), ಮಾರಣ (ಸುಟ್ಟು ಭಸ್ಮ ಮಾಡುವುದು) ಇವುಗಳ ನಂತರ ಉದ್ದೇಶಪೂರ್ವಕವಾಗಿಯೇ ಬಳಸುತ್ತದೆ, ಮತ್ತು ಆ ಸಂಸ್ಕಾರ ಎಷ್ಟು ಸರಿಯಾಗಿ ನಡೆದಿದೆ ಎಂಬುದನ್ನು ಹೆಸರಿಲ್ಲದ ಡಬ್ಬಿಯನ್ನು ನೋಡಿ ಯಾರೂ ಹೇಳಲಾರರು. 2008ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ, ಅಂತರ್ಜಾಲದ ಮೂಲಕ ಕೊಂಡ 193 ಆಯುರ್ವೇದ ಉತ್ಪನ್ನಗಳನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿದಾಗ ಸುಮಾರು ಐದರಲ್ಲೊಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ರಸೌಷಧಿಗಳಲ್ಲಿ ಆ ಪ್ರಮಾಣ ಶೇ. 40ನ್ನು ದಾಟಿತ್ತು.

ಸೀಸ ದೇಹಕ್ಕೆ ಸೇರಿದ ಮೇಲೆ ಬೇಗ ಬಿಟ್ಟುಹೋಗುವುದಿಲ್ಲ. ಕ್ಯಾಲ್ಸಿಯಂನಂತೆ ಮೂಳೆಯಲ್ಲಿ ಸೇರಿಕೊಂಡು ದಶಕಗಳವರೆಗೆ ಉಳಿಯುತ್ತದೆ. ಗರ್ಭಿಣಿಯರಲ್ಲಿ ಮತ್ತೆ ರಕ್ತಕ್ಕೆ ಇಳಿದು ಮಗುವನ್ನೂ ತಲುಪುತ್ತದೆ. ಚಿಕ್ಕಪ್ಪನವರಿಗೆ, ಲೋಹವನ್ನು ಹಿಡಿದು ದೇಹದಿಂದ ಹೊರಹಾಕಿಸುವ ಕೀಲೇಷನ್ ಚಿಕಿತ್ಸೆಯಿಂದ 84 ಇದ್ದದ್ದು 31ಕ್ಕೆ ಇಳಿಯಿತು, ಚಿಕಿತ್ಸೆ ನಿಲ್ಲಿಸಿದ ಕೆಲವೇ ವಾರಗಳಲ್ಲಿ ಮತ್ತೆ 45ಕ್ಕೆ ಏರಿತು. ಮೂಳೆಯಲ್ಲಿದ್ದದ್ದು ಹೊರಬರುತ್ತಿದೆ ಎಂದರು ವೈದ್ಯೆ.

ಅದೇ ಗುಳಿಗೆಗಳನ್ನು ಚಿಕ್ಕಪ್ಪ ಇನ್ನೂ ಮೂರು ಮನೆಗಳಿಗೆ ಶಿಫಾರಸು ಮಾಡಿದ್ದರು. ಆಸ್ಪತ್ರೆಯ ಹಾಸಿಗೆಯಿಂದಲೇ ಮೂವರಿಗೂ ಫೋನ್ ಮಾಡಿ, ಗುಳಿಗೆ ನಿಲ್ಲಿಸಿ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿಕೊಳ್ಳುವಂತೆ ಬೇಡಿಕೊಂಡರು. ಇಬ್ಬರು ಮಾಡಿಸಿಕೊಂಡಿದ್ದಾರೆ. ಮೂರನೆಯವರ ಮನೆಗೆ ಈ ಭಾನುವಾರ ನಾನೇ ಹೋಗುತ್ತಿದ್ದೇನೆ.