ಹಲ್ಲಲ್ಲಿ ಹೆದೆ ಎಳೆಯುವ ಬಿಲ್ಲು: ಕೆಲಸ ಎಲ್ಲಿಗೆ ಬಂತು

ಗೌರಿ ಹಬ್ಬದ ವಾರ

ಭಾವನ ಬಿಲ್ಲಿಗೆ ಬಾಯಿಪಟ್ಟಿ, ಅಂದರೆ ಹಲ್ಲಲ್ಲಿ ಕಚ್ಚಿ ಹೆದೆ ಎಳೆಯುವ ಪಟ್ಟಿ, ಕೂತಿದೆ. ಹೊಸದಾಗಿ ಓದುವವರಿಗೆ ಒಂದೆರಡು ಮಾತು. ಬೈಕಿನಿಂದ ಬಿದ್ದು ಅವರ ಬಲಗೈ ನರಗಳು ಕಿತ್ತುಹೋಗಿವೆ. ಕುತ್ತಿಗೆಯಿಂದ ಕೈಗೆ ಇಳಿಯುವ ಆ ನರಗಳ ಗುಂಪಿಗೆ ಡಾಕ್ಟರುಗಳು ಬ್ರೇಕಿಯಲ್ ಪ್ಲೆಕ್ಸಸ್ ಅನ್ನುತ್ತಾರೆ. ಭುಜ ಏಳುವುದಿಲ್ಲ, ಬೆರಳು ಮಡಚುವುದಿಲ್ಲ. ಎಡಗೈ ಮಾತ್ರ ಗಟ್ಟಿಯಾಗಿದೆ. ಮೊದಲಿಂದ ಬಿಲ್ಲು ಹಿಡಿದವರು, ಬಿಟ್ಟಿರಲು ಆಗುತ್ತಿಲ್ಲ. ಅದಕ್ಕೇ ಬಿಲ್ಲು ಎಡಗೈಯಲ್ಲಿ, ಹೆದೆ ಬಾಯಲ್ಲಿ.

ಅಮೆರಿಕದಲ್ಲಿ ಒಂದು ಕೈ ಕಳೆದುಕೊಂಡ ಬೇಟೆಗಾರರು ಹೀಗೇ ಹಲ್ಲಲ್ಲಿ ಎಳೆದು ಜಿಂಕೆ ಹೊಡೆಯುತ್ತಾರೆ. ನಮ್ಮಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಬೇಟೆಯ ಮಾತೇ ಇಲ್ಲ. ನಮಗೆ ಬೇಕಿರುವುದು 50 ಮೀಟರ್ ದೂರದ ಕಾಗದದ ಗುರಿ. ಅದಕ್ಕೂ ದಾರಿ ತೋರಿಸಿದವರಿದ್ದಾರೆ. ಅಮೆರಿಕದ ಬಿಲ್ಲುಗಾರ ಜೆಫ್ ಫ್ಯಾಬ್ರಿ ಹಲ್ಲಲ್ಲೇ ಹೆದೆ ಎಳೆದು 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. ಎರಡೂ ಕೈ ಇಲ್ಲದ ನಮ್ಮ ಶೀತಲ್ ದೇವಿ ಕಾಲಲ್ಲಿ ಬಿಲ್ಲು ಹಿಡಿದು, ಭುಜದಿಂದ ಎಳೆದು, 2024ರಲ್ಲಿ ಪ್ಯಾರಿಸ್‌ನಿಂದ ಕಂಚು ತಂದರು. ಆ ಹುಡುಗಿಯ ವಿಡಿಯೋ ನೋಡಿದ ರಾತ್ರಿಯೇ ಭಾವ ಫೋನ್ ಮಾಡಿ, "ಅಟ್ಟದ ಮೇಲಿರೋ ಬಿಲ್ಲು ಇಳಿಸೋ" ಅಂದಿದ್ದು.

ಪಟ್ಟಿಗೆ ಜೆ.ಸಿ. ರಸ್ತೆಯ ಸೀಟ್ ಕವರ್ ಅಂಗಡಿಯಿಂದ ನೈಲಾನ್ ತಂದೆ. ಹೆಬ್ಬೆರಳಿನಷ್ಟು ಅಗಲ. ಎರಡಾಗಿ ಮಡಚಿ, ಬಾಣದ ಹಿಂದಿನ ತುದಿ ಕೂರುವ ಜಾಗದ ಕೆಳಗೆ ಹೆದೆಗೆ ಕಟ್ಟಿ, ಕಚ್ಚುವ ಕಡೆ ಮೆತ್ತಗಿನ ಚರ್ಮ ಹೊದಿಸಬೇಕು. ಹೊಲಿಗೆ ನಮ್ಮ ಬೀದಿ ತುದಿಯಲ್ಲಿ ಚಪ್ಪಲಿ ರಿಪೇರಿ ಮಾಡುವ ಅಣ್ಣನದು. ಮೇಣದ ದಾರದಲ್ಲಿ ಒತ್ತೊತ್ತಾಗಿ ಹಾಕಿಕೊಟ್ಟಿದ್ದಾರೆ, ನಾನು ಜೋತುಬಿದ್ದರೂ ಬಿಡಲಿಲ್ಲ. ಕಚ್ಚುವುದು ದವಡೆ ಹಲ್ಲಲ್ಲಿ. ಮುಂದಿನ ಹಲ್ಲಲ್ಲಿ ಕಚ್ಚಲೇಬಾರದು, ಅವು ಈ ಭಾರ ತಡೆಯುವುದಿಲ್ಲ. ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಿ, ಅವರು ಸರಿ ಅಂದ ಮೇಲೇ ಮುಂದುವರಿದೆವು.

ದಸರಾ ರಜೆ

ಈ ಸಲ ಪೂರ್ತಿ ಭಾರದ್ದೇ ಯೋಚನೆ. ಭಾರ ಅಂದರೆ ಬಿಲ್ಲಿನ ತೂಕ ಅಲ್ಲ, ಹೆದೆ ಎಳೆಯಲು ಬೇಕಾದ ಬಲ. ನಮ್ಮದು ಕಾಂಪೌಂಡ್ ಬಿಲ್ಲು, ಎರಡು ತುದಿಗೂ ಕ್ಯಾಮ್ ಅನ್ನುವ ತಿರುಗುವ ಚಕ್ರ ಇದೆ. ಎಳೆಯುವಾಗ ನಡುವೆ ಪೂರ್ತಿ ಭಾರ ಬಂದು, ಕೊನೆಗೆ ತಟ್ಟನೆ ಇಳಿಯುತ್ತದೆ. 30 ಪೌಂಡ್ ಬಿಲ್ಲು 80 ಪರ್ಸೆಂಟ್ ಇಳಿದರೆ, ಗುರಿ ನೋಡುವಾಗ ಹಲ್ಲಿಗೆ ಉಳಿಯುವುದು 6 ಪೌಂಡ್. ಕೇಳೋಕೆ ಸುಲಭ, ಅಲ್ವಾ? ಆದರೆ ಬಾಣ ಬಿಡದೆ ಹೆದೆ ವಾಪಸ್ ಇಳಿಸಬೇಕಾದಾಗ ಆ 30 ಪೌಂಡ್ ಒಮ್ಮೆಲೇ ಬಂದು ದವಡೆಯನ್ನು ಮುಂದಕ್ಕೆ ಜಗ್ಗುತ್ತದೆ. ಕೈಯಾದರೆ ಮೊಣಕೈ, ಭುಜ ಎಲ್ಲ ಸೇರಿ ತಡೆಯುತ್ತವೆ. ಇಲ್ಲಿ ತಡೆಯುವುದು ಕುತ್ತಿಗೆ ಒಂದೇ. ಅದೂ ಪೆಟ್ಟು ತಿಂದ ನರಗಳು ಹೊರಡುವ ಕುತ್ತಿಗೆ.

ಹಾಗಾಗಿ ಬಿಲ್ಲಿನ ಭಾರ ತೀರ್ಮಾನ ಮಾಡಬೇಕಾದ್ದು ಎಳೆಯುವ ಶಕ್ತಿ ನೋಡಿ ಅಲ್ಲ, ನಿಧಾನವಾಗಿ ಇಳಿಸುವ ಶಕ್ತಿ ನೋಡಿ. ಇದು ನನ್ನ ಗಟ್ಟಿ ಅಭಿಪ್ರಾಯ. ಬಿಲ್ಲಿನ ತೋಳುಗಳನ್ನು ಬಿಗಿಹಿಡಿಯುವ ಮೇಲಿನ, ಕೆಳಗಿನ ಬೋಲ್ಟ್ ಎರಡನ್ನೂ ಸಮವಾಗಿ ಸಡಿಲಿಸಿ 20 ಪೌಂಡಿಗೆ ತಂದಿದ್ದೇವೆ. ಎಳೆ, ಇಳಿಸು. ಅಷ್ಟೇ ಅಭ್ಯಾಸ. ಬಾಯಿ ಜಾರಿದರೂ ಬಿಲ್ಲು ಖಾಲಿ ಹೊಡೆಯಬಾರದು ಅಂತ ಬಾಣ ಇಟ್ಟೇ, ಮೂರು ಹೆಜ್ಜೆ ದೂರದ ದಪ್ಪ ಫೋಮ್ ದಿಂಡಿನ ಮುಂದೆ.

"ಕುತ್ತಿಗೆ ಹಿಡೀತಿದೆ ಕಣೋ."

"ಭಾವ, ತಲೆ ಹಿಂದಕ್ಕೆ ತಗೋಬೇಡಿ. ಪಟ್ಟಿ ಕಚ್ಚಿ, ತಲೆ ನೆಟ್ಟಗಿಟ್ಟು, ಎಡಗೈಯಲ್ಲಿ ಬಿಲ್ಲನ್ನೇ ಮುಂದಕ್ಕೆ ತಳ್ಳಿ."

ತಳ್ಳಿದರು. ಎಡ ಭುಜದ ಹಿಂದಿನ ಮೂಳೆ ಸರಿದು ಕೂತಿದ್ದು ಬನಿಯನ್ ಮೇಲೇ ಕಂಡಿತು, ಕ್ಯಾಮ್ ತಿರುಗಿ ನಿಂತಿತು, ಕುತ್ತಿಗೆಯ ನರ ಉಬ್ಬಲಿಲ್ಲ. ಬಾಯಿ ತೆರೆದರು. ಬಾಣ ಹೋಯಿತು. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ದೀಪಾವಳಿ ಆದ ಮೇಲೆ

ಒಂದೇ ಕೈಯಲ್ಲಿ ಬಾಣ ಹೂಡುವುದು ಹೇಗೆ ಅನ್ನುವುದು ಬಾಕಿ ಇತ್ತು. ಪೀಣ್ಯದಲ್ಲಿ ವರ್ಕ್‌ಶಾಪ್ ಇಟ್ಟಿರುವ ಗೆಳೆಯ ಮೊಣಕಾಲೆತ್ತರದ ಸ್ಟ್ಯಾಂಡ್ ಬೆಸುಗೆ ಹಾಕಿಕೊಟ್ಟ. ಬಿಲ್ಲು ಕೂರುವ ಕೊಕ್ಕೆಗೆ ಸೈಕಲ್ ಟ್ಯೂಬ್ ಸುತ್ತಿದ್ದೇವೆ. ಬಿಲ್ಲು ಅದರಲ್ಲಿಟ್ಟು, ಎಡಗೈಯಲ್ಲೇ ಬಾಣ ತೆಗೆದು ಹೆದೆಗೆ ಸಿಕ್ಕಿಸಿ, ಆಮೇಲೆ ಬಿಲ್ಲು ಎತ್ತುತ್ತಾರೆ. ಎತ್ತುವಾಗ ಬಾಣ ಬೀಳದ ಹಾಗೆ ಬ್ರಷ್ ಎಳೆಗಳ ಬಳೆಯಂಥ ರೆಸ್ಟ್, ಅಂದರೆ ಬಾಣಕ್ಕೆ ಆಸರೆ, ಹಾಕಿದ್ದೇವೆ. ಬಿಲ್ಲು ವಾಲಿದರೂ ಬಾಣ ಅದರ ಮಧ್ಯೆಯೇ ಇರುತ್ತದೆ. ಬಾಣದ ಗರಿ ಎಳೆಗಳನ್ನು ಉಜ್ಜಿಕೊಂಡು ಹೋಗುವುದರಿಂದ ವೇಗ ಸ್ವಲ್ಪ ಕಮ್ಮಿ ಆಗುತ್ತದೆ. ಪರವಾಗಿಲ್ಲ. ಯಾರನ್ನೂ ಕರೆಯದೆ ತಾವೇ ಬಾಣ ಹೂಡಬಹುದು, ಭಾವನಿಗೆ ಅದೇ ದೊಡ್ಡದು.

ಬಾಯಿಪಟ್ಟಿಯಿಂದ ಒಂದು ಲಾಭವೂ ಇದೆ. ಪಟ್ಟಿಯ ಅದೇ ಹೊಲಿಗೆ ಅದೇ ದವಡೆ ಹಲ್ಲಿಗೆ ಸಿಕ್ಕಿದರೆ, ಹೆದೆ ಪ್ರತಿ ಸಲ ಮುಖದ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. 10 ಮೀಟರಿನಲ್ಲಿ ಬಾಣಗಳು ಈಗ ಅಂಗೈ ಅಗಲದಲ್ಲಿ ಬೀಳುತ್ತಿವೆ.

ಪ್ಯಾರಾ ಸ್ಪರ್ಧೆಗೆ ಹೋಗಬೇಕಾದರೆ ವರ್ಗೀಕರಣ ಆಗಬೇಕು, ಅಂದರೆ ದೇಹದ ಊನ ನೋಡಿ ಯಾವ ವಿಭಾಗ ಅಂತ ತೀರ್ಮಾನಿಸಿ ಕಾರ್ಡ್ ಕೊಡುತ್ತಾರೆ. ಈ ಪಟ್ಟಿಯಂಥ ಸಾಧನಗಳು ಆ ಕಾರ್ಡಿನಲ್ಲಿ ನಮೂದಾಗಿರಬೇಕು. ಅಲ್ಲಿ ಓಪನ್ ಕಾಂಪೌಂಡ್ ಅನ್ನುವ ವಿಭಾಗಕ್ಕೆ 60 ಪೌಂಡ್‌ವರೆಗೆ ಅವಕಾಶ ಇದೆ. ನಮಗೆ ಅಷ್ಟೆಲ್ಲ ಬೇಡ. ಮುಂದಿನ ವಾರ ಎರಡೂ ಬೋಲ್ಟಿಗೆ ಅರ್ಧ ಸುತ್ತು ಬಿಗಿ ಕೊಡುತ್ತೇನೆ. ಇಳಿಸುವಾಗ ತಲೆ ಅಲುಗಿದರೆ ಮತ್ತೆ 20ಕ್ಕೇ ವಾಪಸ್.